ಅಜ್ಜ-ಅಜ್ಜಿ ಪುಟ: ಧಾರವಾಡದ ಅಜ್ಜನ ಪ್ರಾರ್ಥನೆ



ಬೇಸಿಗೆ ಬಂದರೆ ನಮ್ಮ ಶನಿವಾರದ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಧಾರವಾಡದ ಅಜ್ಜ ನಿಮಗೆ ನೆನಪಿರಬೇಕು. ಕಳೆದ ತಿಂಗಳು ಅವರು ಊರಿನಲ್ಲಿ ತೀರಿಕೊಂಡರು. ಅವರಿಗೆ 82 ವರ್ಷವಾಗಿತ್ತು. ಅವರ ಇಬ್ಬರು ಮೊಮ್ಮಕ್ಕಳು ನಮ್ಮ ಶಾಲೆಯವರೇ. ಮನೆಯವರನ್ನು ಕೇಳಿಯೇ ಈ ಪುಟ ಬರೆಯುತ್ತಿದ್ದೇನೆ.

ಅಜ್ಜ ದೈವಭಕ್ತ ಕ್ರೈಸ್ತರು. ಊಟಕ್ಕೆ ಮೊದಲು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಅಡುಗೆ ಮಾಡಿದ ಮಗಳು, ರಾತ್ರಿ ಪಾಳಿಗೆ ಹೊರಟ ಅಳಿಯ, ಪರೀಕ್ಷೆಯಿದ್ದ ಮೊಮ್ಮಗಳು, ಕಾಯಿಲೆ ಬಿದ್ದ ಪಕ್ಕದ ಮನೆಯ ಜರ್ಮನ್ ಅಜ್ಜಿ, ಹೀಗೆ ಒಬ್ಬೊಬ್ಬರ ಹೆಸರೂ ಅದರಲ್ಲಿ ಬರುತ್ತಿತ್ತು. ಅಷ್ಟರಲ್ಲಿ ಸಾರು ಆರುತ್ತಿತ್ತು! ಒಮ್ಮೆ ಮೊಮ್ಮಗ ಒಂದು ಕಣ್ಣು ತೆರೆದು, "ಅಜ್ಜಾ, ಆಮೆನ್ ಯಾವಾಗ?" ಎಂದನಂತೆ. "ನಿನ್ನ ಹೆಸರು ಇನ್ನೂ ಬಂದಿಲ್ಲಲ್ಲೋ ತಮ್ಮಾ" ಎಂದರಂತೆ ಅಜ್ಜ.

ಭಾನುವಾರ ಮಗಳ ಜೊತೆ ಇಲ್ಲಿ ಸ್ಟುಟ್‌ಗಾರ್ಟಿನ ಚರ್ಚಿಗೆ ಹೋಗುತ್ತಿದ್ದರು. ಜರ್ಮನ್ ಒಂದಕ್ಷರ ಬಾರದು. ಆದರೂ ಕೆಲವು ಹಾಡು ಶುರುವಾದರೆ ಅಜ್ಜ ಅದೇ ರಾಗದಲ್ಲಿ ಕನ್ನಡದಲ್ಲಿ ಹಾಡುತ್ತಿದ್ದರು. ಹೇಗೆ ಗೊತ್ತೇ? ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರಲ್ಲಿ ಅನೇಕರು ನಾವೀಗ ಇರುವ ವ್ಯೂರ್ಟೆಂಬರ್ಗ್ ಸೀಮೆಯವರು. ತಮ್ಮೂರಿನ ರಾಗಗಳನ್ನೂ ಜೊತೆಗೆ ತಂದರು. ಆ ರಾಗಗಳಿಗೆ ಕನ್ನಡದ ಹಾಡುಗಳು ಹುಟ್ಟಿದವು. ಅಜ್ಜ ಅವನ್ನು ತಮ್ಮ ಅವ್ವನಿಂದ ಕಲಿತಿದ್ದರು.

ತರಗತಿಯಲ್ಲಿ ಸರ್ವಜ್ಞನ ತ್ರಿಪದಿ ಹೇಳಿಸುವಾಗ ಮೂರನೆಯ ಸಾಲು ಹಿಂದಿನ ಬೆಂಚಿನಿಂದ ಮೊದಲೇ ಬರುತ್ತಿತ್ತು. "ಚರ್ಚಿಗೆ ಹೋಗೋ ಅಜ್ಜನಿಗೆ ಸರ್ವಜ್ಞ ಹೇಗೆ ಗೊತ್ತು?" ಎಂದು ಹುಡುಗಿಯೊಬ್ಬಳು ಕೇಳಿದಾಗ ಅಜ್ಜ ಉತ್ತಂಗಿ ಚನ್ನಪ್ಪನವರ (1881–1962) ಕಥೆ ಹೇಳಿದರು. ಧಾರವಾಡದಲ್ಲಿ ಹುಟ್ಟಿದ ಈ ಕ್ರೈಸ್ತ ಪಾದ್ರಿ ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. "ನಮ್ಮ ಮನ್ಯಾಗ ಬೈಬಲ್ ಬಾಜೂಕ ಆ ಪುಸ್ತಕ ಇರತಿತ್ತು ತಂಗಿ" ಎಂದರು ಅಜ್ಜ.

ಈಗ ಮೊಮ್ಮಕ್ಕಳ ಬಳಿ ಅಜ್ಜನ ನೂರಾರು ಫೋಟೋಗಳಿವೆ. ದನಿ ಇರುವುದು ಒಂದೇ ಒಂದು ವಾಟ್ಸಾಪ್ ಸಂದೇಶದಲ್ಲಿ: ಮಳೆ ಶುರುವಾಯಿತು, ಪೇಡೆ ಕಳಿಸಿದ್ದೇನೆ, ಅಷ್ಟೇ. ಪ್ರಾರ್ಥನೆಯ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರೂ ಫೋನ್ ಮುಟ್ಟುತ್ತಿರಲಿಲ್ಲ. ಹಾಗಾಗಿ ಪ್ರಾರ್ಥನೆ ಎಲ್ಲೂ ಉಳಿದಿಲ್ಲ.

ಅಕ್ಕ-ತಮ್ಮ ಇಬ್ಬರೂ ಕೂತು ಅದನ್ನು ನೆನಪಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ. ಅಕ್ಕನಿಗೆ ಮೊದಲ ಭಾಗ ನೆನಪಿತ್ತು, ತಮ್ಮನಿಗೆ ಹೆಸರುಗಳ ಸಾಲು. ಒಟ್ಟು ಹನ್ನೊಂದು ಸಾಲು. 'ಆಶೀರ್ವದಿಸು' ಎಂಬಲ್ಲಿ ಒಂದು ಒತ್ತಕ್ಷರ ತಪ್ಪಿದೆ, ನಾನು ತಿದ್ದಲಿಲ್ಲ. ಈಗ ಊಟಕ್ಕೆ ಮೊದಲು ಅದನ್ನೇ ಓದುತ್ತಾರಂತೆ, ಕೊನೆಗೆ ಅಜ್ಜನ ಹೆಸರನ್ನೂ ಸೇರಿಸಿ.

ಮಕ್ಕಳೇ, ಈ ತಿಂಗಳ ಮನೆಗೆಲಸ ಇದೇ. ನಿಮ್ಮ ಅಜ್ಜನೋ ಅಜ್ಜಿಯೋ ದಿನವೂ ಹೇಳುವ ಒಂದು ಮಾತು, ಪ್ರಾರ್ಥನೆ, ಶ್ಲೋಕ ಅಥವಾ ಜೋಗುಳ ಯಾವುದಾದರೂ ಸರಿ, ಕೇಳಿ ನಿಮ್ಮ ಕೈಯಾರೆ ಕನ್ನಡದಲ್ಲಿ ಬರೆದು ತನ್ನಿ. ಪಾಲಕರೇ, ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಫೋನನ್ನು ಮಕ್ಕಳ ಕೈಗೆ ಕೊಡಿ. ಆ ಕಡೆಯವರು ನಿಧಾನವಾಗಿ ಹೇಳಲಿ, ಅವಸರ ಬೇಡ.