"ಇದನ್ನಿನ್ನೂ ಇಟ್ಕೊಂಡಿದ್ದೀರಾ?"

ಸೋದರಿಯರೇ, ನಮ್ಮ ಮಾವನವರು ಕೊಂಡ 1976ರ ಅಂಬಾಸಿಡರ್ ಕಾರು ಈಗಲೂ ನಮ್ಮ ಮನೆಯಲ್ಲಿದೆ. ಸಂತೆಗೆ, ಆಸ್ಪತ್ರೆಗೆ ನಾನೇ ಓಡಿಸ್ಕೊಂಡು ಹೋಗುತ್ತೇನೆ. 2014ರಲ್ಲಿ ಬಂಗಾಳದ ಉತ್ತರಪಾರಾ ಕಾರ್ಖಾನೆ ಈ ಕಾರು ಮಾಡೋದನ್ನೇ ನಿಲ್ಲಿಸಿತಲ್ಲ, ಆಮೇಲೆ ನೋಡುವವರ ಕಣ್ಣೇ ಬೇರೆಯಾಯ್ತು. "ಗುಜರಿಗೆ ಹಾಕಬಾರದೇ?" ಅಂತಿದ್ದವರು ಈಗ "ಮಗಳ ಮದುವೆಗೆ ಒಂದು ದಿನ ಕೊಡ್ತೀರಾ?" ಅಂತಾರೆ. ಪೆಟ್ರೋಲ್ ಬಂಕಿನಲ್ಲಿ ವಯಸ್ಸಾದವರೊಬ್ಬರು ಬಾನೆಟ್ಟಿನ ಮೇಲೆ ಕೈಯಿಟ್ಟು, "ನನ್ನಾಕೆಯನ್ನು ಹೆರಿಗೆಗೆ ಕರೆದೊಯ್ದದ್ದು ಇಂಥದ್ದರಲ್ಲೇ ತಾಯಿ" ಅಂದರು. ಅಂಥವರ ಜೊತೆ ಎಷ್ಟು ಹೊತ್ತು ನಿಂತರೂ ಬೇಸರವಿಲ್ಲ. ("ಯಜಮಾನರು ಬರಲಿಲ್ಲವೇ?" ಅನ್ನುವವರಿಗೆ ಮಾತ್ರ ನಾನು ಉತ್ತರ ಕೊಡೋದಿಲ್ಲ.)

ನನಗೆ ಭಯವೆಂದರೆ ಕಾರನ್ನು ಮೆಚ್ಚುವ ಹುಡುಗರದೇ. ಬೈಕಿನಲ್ಲಿ ಪಕ್ಕಕ್ಕೇ ಬಂದು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ, ಸರಕ್ಕನೆ ಮುಂದೆ ನುಗ್ಗಿ ನಿಧಾನ ಮಾಡುತ್ತಾರೆ. ನಮ್ಮದಕ್ಕೆ ನಾಲ್ಕು ಚಕ್ರಕ್ಕೂ ಹಳೇ ಡ್ರಮ್ ಬ್ರೇಕು, ತೂಕ ಸಾವಿರ ಕೆ.ಜಿ.ಗೂ ಮೇಲೆ. ಎಷ್ಟು ಬಲವಾಗಿ ತುಳಿದರೂ ಈಗಿನ ಕಾರಿನಂತೆ ತಟ್ಟನೆ ನಿಲ್ಲೋದಿಲ್ಲ. ಅದಕ್ಕೇ ನಾನು ಮುಂದೆ ಜಾಗ ಬಿಟ್ಟು ಹೋಗೋದು. ಅದಕ್ಕೇ ಹಿಂದಿನವರು ಹಾರನ್ ಹೊಡೆಯೋದು. ನಿಮ್ಮ ಮಕ್ಕಳಿಗೆ ದಯವಿಟ್ಟು ಹೇಳಿ: ಫೋಟೋ ಬೇಕಾದರೆ ಹಿಂದಿನಿಂದಲೇ ಕೈ ತೋರಿಸಲಿ, ಪಕ್ಕಕ್ಕೆ ನಿಲ್ಲಿಸ್ತೀನಿ.