ಊರಿನ ಬಲವಿಲ್ಲದೆ ಗೆದ್ದ ಜಾರ್ಜ್ ಫರ್ನಾಂಡಿಸ್: ಆ ದಾರಿ ಈಗ ಉಳಿದಿದೆಯೇ?

ಚುನಾವಣೆ ಬಂತೆಂದರೆ ಟಿಕೆಟ್ ಹಂಚುವಾಗ ಎಲ್ಲ ಪಕ್ಷಗಳೂ ಕೇಳುವ ಪ್ರಶ್ನೆ ಎರಡೇ: ಅಭ್ಯರ್ಥಿ ಸ್ಥಳೀಯರೇ? ಯಾವ ಜಾತಿ? ಈ ಎರಡೂ ಪ್ರಶ್ನೆಗೆ ಪಕ್ಷಗಳು ಬಯಸುವ ಉತ್ತರ ಜಾರ್ಜ್ ಫರ್ನಾಂಡಿಸ್ ಬಳಿ ಇರಲಿಲ್ಲ. ಆದರೂ ಅವರು ಒಂಬತ್ತು ಬಾರಿ ಲೋಕಸಭೆಗೆ ಗೆದ್ದರು.

1930ರ ಜೂನ್ 3ರಂದು ಮಂಗಳೂರಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಅವರು ಗೆದ್ದದ್ದು ಮುಂಬೈ ಮತ್ತು ಬಿಹಾರದಲ್ಲಿ. ಕರ್ನಾಟಕ ಅವರನ್ನು ಒಮ್ಮೆಯೂ ಲೋಕಸಭೆಗೆ ಕಳಿಸಲಿಲ್ಲ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಕಾಂಗ್ರೆಸ್‌ನ ಸಿ.ಕೆ. ಜಾಫರ್ ಷರೀಫ್ ಎದುರು ಸೋತರು.

ಮುಂಬೈ ಗೆಲುವಿನ ಕಾಲವನ್ನು ಗಮನಿಸಬೇಕು. 1966ರಲ್ಲಿ ಶಿವಸೇನೆ ಹುಟ್ಟಿತು. ದಕ್ಷಿಣದವರು ಮರಾಠಿಗರ ಕೆಲಸ ಕಸಿಯುತ್ತಿದ್ದಾರೆ ಎಂಬ ಕೂಗು ನಗರದಲ್ಲಿ ಜೋರಾಗಿತ್ತು. ಮರುವರ್ಷವೇ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್‌ನ ಘಟಾನುಘಟಿ ಎಸ್.ಕೆ. ಪಾಟೀಲ್ ಅವರನ್ನು ಮಂಗಳೂರಿನ ಈ ಯುವಕ ಸೋಲಿಸಿದರು. ಅವರ ಹಿಂದಿದ್ದದ್ದು ಭಾಷೆಯೂ ಅಲ್ಲ, ಜಾತಿಯೂ ಅಲ್ಲ, ಕಾರ್ಮಿಕ ಸಂಘ. ಟ್ಯಾಕ್ಸಿ ಚಾಲಕರು, ಪಾಲಿಕೆ ನೌಕರರು, ಹೋಟೆಲ್ ಕಾರ್ಮಿಕರ ನಡುವೆ ವರ್ಷಗಟ್ಟಲೆ ದುಡಿದು ಕಟ್ಟಿದ ಬಲ ಅದು. 1974ರ ಮೇ ತಿಂಗಳಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸಿದ ಮುಷ್ಕರಕ್ಕೆ ಅವರು ನಾಯಕರಾದದ್ದೂ ಈ ಬಲದಿಂದಲೇ.

ತುರ್ತು ಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಪ್ರಕರಣದಲ್ಲಿ ಬಂಧಿತರಾದ ಅವರು 1977ರಲ್ಲಿ ಜೈಲಿನಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಕೈದಿ ನೇರವಾಗಿ ಮಂತ್ರಿಯಾದರು. ಕೈಗಾರಿಕಾ ಸಚಿವರಾಗಿದ್ದಾಗ ವಿದೇಶಿ ಬಂಡವಾಳದ ನಿಯಮಕ್ಕೆ ಒಪ್ಪದ ಕೋಕಾ-ಕೋಲಾ ಮತ್ತು ಐಬಿಎಂ ಭಾರತ ಬಿಟ್ಟವು.

1989ರಲ್ಲಿ ವಿ.ಪಿ. ಸಿಂಗ್ ಸಂಪುಟದಲ್ಲಿ ರೈಲ್ವೆ ಸಚಿವರಾದರು. ಸರ್ಕಾರ ಒಂದು ವರ್ಷವೂ ಬಾಳಲಿಲ್ಲ. ಅಷ್ಟರಲ್ಲೇ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಹಣಕಾಸು ಸಚಿವ ಮಧು ದಂಡವತೆ ಬೆಂಬಲಕ್ಕಿದ್ದರು, ನಿಗಮದ ಹೊಣೆ ಇ. ಶ್ರೀಧರನ್ ಹೆಗಲೇರಿತು. 1998ರಿಂದ ಮುಂಬೈ ಕನ್ನಡಿಗರಿಗೆ ಉಡುಪಿ, ಮಂಗಳೂರು ಒಂದು ರಾತ್ರಿಯ ಪ್ರಯಾಣವಾದದ್ದು ಹೀಗೆ.

ಆದರೆ ಸ್ವಂತ ನೆಲೆ ಇಲ್ಲದ್ದಕ್ಕೆ ಅವರು ಬೆಲೆಯನ್ನೂ ತೆತ್ತರು. 1979ರಲ್ಲಿ ಸದನದಲ್ಲಿ ಮೊರಾರ್ಜಿ ಸರ್ಕಾರವನ್ನು ಗಟ್ಟಿಯಾಗಿ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಅದರಿಂದ ಹೊರಬಂದರು. 1994ರಲ್ಲಿ ನಿತೀಶ್ ಕುಮಾರ್ ಜೊತೆ ಸಮತಾ ಪಕ್ಷ ಕಟ್ಟಿದ ಮೇಲೆ ನಿತೀಶ್ ಅವರ ಜಿಲ್ಲೆಯಾದ ನಳಂದಾದಿಂದಲೇ ಮೂರು ಬಾರಿ ಗೆದ್ದರು. ಬಿಜೆಪಿ ಜೊತೆ ಕೈಜೋಡಿಸಿದ ಸಮಾಜವಾದಿ, ವಾಜಪೇಯಿ ಸರ್ಕಾರದ ರಕ್ಷಣಾ ಸಚಿವರಾದರು. ಪೋಖ್ರಾನ್ ಪರೀಕ್ಷೆ, ಕಾರ್ಗಿಲ್ ಯುದ್ಧ ಎರಡೂ ಅವರ ಕಾಲದವು. 2001ರಲ್ಲಿ ತೆಹಲ್ಕಾ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟು, ಅದೇ ವರ್ಷ ಮರಳಿದರು. 2009ರಲ್ಲಿ ಪಕ್ಷ ಟಿಕೆಟ್ ನಿರಾಕರಿಸಿತು. ಪಕ್ಷೇತರರಾಗಿ ನಿಂತು ಸೋತರು. ಕಾರ್ಮಿಕ ಸಂಘದ ಬಲದಿಂದ ಮೇಲೆ ಬಂದ ನಾಯಕ, ಕೊನೆಗೆ ಇನ್ನೊಬ್ಬರ ಮತಬ್ಯಾಂಕಿನ ಹಂಗಿನಲ್ಲಿ ಉಳಿದಿದ್ದರು.

2019ರ ಜನವರಿ 29ರಂದು ಅವರು ತೀರಿಕೊಂಡರು. 2020ರಲ್ಲಿ ಮರಣೋತ್ತರ ಪದ್ಮವಿಭೂಷಣ ಘೋಷಣೆಯಾಯಿತು. ಅವರ ದಾರಿ ಮಾತ್ರ ಅದಕ್ಕೂ ಮೊದಲೇ ಮುಚ್ಚಿತ್ತು. 1982ರ ಗಿರಣಿ ಮುಷ್ಕರದ ಬಳಿಕ ಮುಂಬೈಯ ಕಾರ್ಮಿಕ ಚಳವಳಿ ಹಳೆಯ ಕಸುವಿಗೆ ಮರಳಲಿಲ್ಲ. ಇಂದು ಮಹಾನಗರಗಳಲ್ಲಿ ಕ್ಯಾಬ್ ಓಡಿಸುವ, ಊಟ ತಲುಪಿಸುವ ಎಷ್ಟೋ ಮಂದಿ ಹೊರಊರಿನವರು. ಹಲವರ ಮತ ಇರುವುದು ಬಿಟ್ಟುಬಂದ ಊರಿನಲ್ಲಿ, ದುಡಿಮೆ ಇರುವುದು ಇಲ್ಲಿ. ಇಂಥವರನ್ನು ಒಟ್ಟುಗೂಡಿಸಬಲ್ಲ ಸಂಘ ಬೆಳೆಯದಿದ್ದರೆ ಟಿಕೆಟ್ ಹಂಚುವವರ ಎರಡು ಪ್ರಶ್ನೆಗಳು ಬದಲಾಗುವುದಿಲ್ಲ.