ಒಂಬತ್ತು ಕೀಲಿಕೈ ನೇತಾಡ್ತಿದ್ವು, ರೂಮು ಮಾತ್ರ ಇರಲಿಲ್ಲ



ಹದಿನೈದು ದಿನದಿಂದ ಇದನ್ನ ಬರೀಬೇಕು ಅಂತ ಕೂತ್ಕೊಳ್ಳೋದು, ನಾಲ್ಕು ಸಾಲು ಬರೆದು ಅಳಿಸೋದು, ಹಿಂಗೇ ಆಗ್ತಿತ್ತು. ಕೋಪಕ್ಕಿಂತ ನಾಚಿಕೆ ಜಾಸ್ತಿ. ಊರವರಿಗೆಲ್ಲ "ಕಂಪ್ಲೇಂಟ್ ಕೊಡಿ, ಹೆದರಬೇಡಿ" ಅಂತ ಭಾಷಣ ಬಿಗಿಯೋ ನಾನು ನನ್ನ ಸ್ವಂತ ವಿಷಯ ಬಂದಾಗ ಬ್ಯಾಗ್ ಎತ್ಕೊಂಡು ಸುಮ್ಮನೆ ಬಸ್ ಹತ್ತಿಬಿಟ್ಟೆ. ಅದನ್ನ ಮೊದಲೇ ಹೇಳಿ ಮುಂದಕ್ಕೆ ಹೋಗ್ತೀನಿ.

ನಿಮಗೆ ಗೊತ್ತಿರೋ ಹಾಗೆ ನಾನು ಸುಲ್ತಾನ್‌ಪೇಟೆಯಲ್ಲಿ ಬೈಂಡಿಂಗ್ ಕೆಲಸ ಮಾಡೋನು. ಬಿಲ್ ಬುಕ್ಕು, ಲೆಡ್ಜರು, ಹಾಜರಿ ಪುಸ್ತಕ. ಮೊಮ್ಮಗಳಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದಾಗ ಅವ್ವ ಮೇಲುಕೋಟೆ ಚೆಲುವರಾಯನಿಗೆ ಹರಕೆ ಹೊತ್ತಿದ್ದಳು. ಬೆಳಗಿನ ಜಾವ ಕಲ್ಯಾಣಿಯಲ್ಲಿ ಮಿಂದು, ಬಿಸಿಲೇರೋ ಮೊದಲೇ ಮೆಟ್ಟಿಲು ಹತ್ತಿ ನರಸಿಂಹನ ಬೆಟ್ಟಕ್ಕೆ ಹೋಗ್ತೀನಿ ಅಂತ. ನನಗೆ ದೇವರು ದಿಂಡರು ಇಲ್ಲ. ಆದ್ರೆ ಅವ್ವನಿಗೆ ಎಪ್ಪತ್ತೆರಡು ವರ್ಷ, ಮಂಡಿ ನೋವು. ಅವಳ ಹತ್ರ ವೈಚಾರಿಕತೆ ಮಾತಾಡೋಕೆ ನನಗೆ ಬಾಯಿ ಬರಲ್ಲ. ಹೊರಟ್ವಿ. ಸ್ಯಾಟಲೈಟ್ ಬಸ್ ಸ್ಟ್ಯಾಂಡಿಂದ ಮಂಡ್ಯ, ಅಲ್ಲಿಂದ ಇನ್ನೊಂದು ಬಸ್ಸು. 2023ರ ಜೂನಿಂದ ಶಕ್ತಿ ಯೋಜನೆ ಇದೆಯಲ್ಲ, ಅವ್ವನಿಗೂ ಮಗಳಿಗೂ ಟಿಕೆಟ್ ಫ್ರೀ. ಅವ್ವ ದಾರಿಯುದ್ದಕ್ಕೂ ಆ ಸೊನ್ನೆ ರೂಪಾಯಿ ಟಿಕೆಟನ್ನ ಮಡಚಿ ಕೈಯಲ್ಲೇ ಹಿಡ್ಕೊಂಡಿದ್ದಳು.

ಮೇಲುಕೋಟೆ ನೋಡಿದವರಿಗೆ ಗೊತ್ತು. ಬೆಟ್ಟದ ಮೈಮೇಲೆ ಕೂತಿರೋ ಊರು ಅದು. ಕೆಳಗೆ ಚೆಲುವನಾರಾಯಣನ ಗುಡಿ, ಮೇಲೆ ಯೋಗಾನರಸಿಂಹ, ನಡುವೆ ಕಲ್ಯಾಣಿ, ಅಕ್ಕತಂಗಿ ಕೊಳ, ಅರ್ಧಕ್ಕೇ ನಿಂತ ರಾಯಗೋಪುರ. ಪು.ತಿ.ನ. ಹುಟ್ಟಿದ ಮನೆಯೂ ಅಲ್ಲೇ. ಬೀದಿಗಳಲ್ಲಿ ಹೆಂಚಿನ ಮನೆಗಳು, ಕಲ್ಲುಕಂಬದ ಜಗಲಿಗಳು. ಆ ಮನೆಗಳ ನಡುನಡುವೆ ಛತ್ರಗಳು. ಒಂದೊಂದು ಜಾತಿಗೆ, ಒಂದೊಂದು ಪಂಗಡಕ್ಕೆ ಒಂದೊಂದು. ಬಾಗಿಲ ಮೇಲಿನ ಬೋರ್ಡು ಓದುತ್ತಾ ನಡೆದರೆ ಸಾಕು, ಹಳೆ ಮೈಸೂರಿನ ಜಾತಿಪಟ್ಟಿ ಬಾಯಿಪಾಠ ಆಗುತ್ತೆ. ನಮ್ಮ ಹೆಸರಿನದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಇತ್ತೀಚೆಗೆ ಇನ್‌ಸ್ಟಾಗ್ರಾಮಲ್ಲಿ ಇಂಥ ಹಳೆ ಮನೆಗಳ ವಿಡಿಯೋ ನೋಡಿರ್ತೀರಿ. "ತೊಟ್ಟಿಮನೆಯಲ್ಲಿ ಒಂದು ರಾತ್ರಿ", ಬಾಳೆಎಲೆ ಊಟ, ಪುಳಿಯೋಗರೆ, ಹಿಂದೆ ವೀಣೆ ಮ್ಯೂಸಿಕ್ಕು. ನನ್ನ ಮಗಳು ಅದನ್ನ ನೋಡಿಯೇ "ಅಪ್ಪ, ಲಾಡ್ಜ್ ಬೇಡ, ಇಂಥದ್ರಲ್ಲೇ ಇರೋಣ" ಅಂದಿದ್ದು. ನಾನೂ ಹ್ಞೂಂ ಅಂದೆ.

ವಾರದ ನಡುವಿನ ದಿನ, ಹಬ್ಬ ಇಲ್ಲ, ಜಾತ್ರೆ ಇಲ್ಲ. ಸಂಜೆ ನಾಲ್ಕೂವರೆಗೆ ಒಂದು ಛತ್ರದ ಜಗಲಿ ಹತ್ತಿದ್ವಿ. ಹೆಸರು ಹೇಳಲ್ಲ. ಒಂದರ ಹೆಸರು ಹೇಳಿದ್ರೆ ಉಳಿದವರೆಲ್ಲ "ಓ ಅದಾ, ನಾವಲ್ಲ" ಅಂತ ಕೈತೊಳ್ಕೊಂಡುಬಿಡ್ತಾರೆ.

ಮೇಜಿನ ಹಿಂದೆ ವಯಸ್ಸಾದ ಒಬ್ಬರಿದ್ರು. ತುಂಬ ಮರ್ಯಾದೆಯ ಮನುಷ್ಯ. "ಬನ್ನಿ ಬನ್ನಿ, ಅಮ್ಮ ಕೂತ್ಕೊಳಿ, ಕಾಲು ನೋವಾ?" ಅಂತ ಅವ್ವನಿಗೆ ಕುರ್ಚಿ ಎಳೆದು ಹಾಕಿದ್ರು. ರೂಮಿಗೆ ಐನೂರು, ಬಿಸಿನೀರು ಬೆಳಿಗ್ಗೆ ಐದಕ್ಕೆ, ಎಲ್ಲ ಹೇಳಿದ್ರು. ರಿಜಿಸ್ಟರ್ ಮುಂದಕ್ಕೆ ತಳ್ಳಿದ್ರು. ಮಗಳ ಅಕ್ಷರ ಚೆನ್ನಾಗಿದೆ ಅಂತ ಅವಳ ಕೈಗೇ ಪೆನ್ನು ಕೊಟ್ಟೆ. ಹೆಸರು ಬರೆದಳು, ಊರು ಬರೆದಳು, ನಿಂತಳು. "ಅಪ್ಪ, ಗೋತ್ರ ಅಂದ್ರೇನು? ಏನ್ ಹಾಕ್ಲಿ?"

ಒಂಬತ್ತನೇ ಕ್ಲಾಸಿನ ಹುಡುಗಿ. ಅಲ್ಲಿವರೆಗೂ ಯಾರೂ ಅವಳನ್ನ ಅದನ್ನ ಕೇಳಿರಲಿಲ್ಲ.

"ಖಾಲಿ ಬಿಡು" ಅಂದೆ. ಅವರು ಕನ್ನಡಕ ಸರಿ ಮಾಡ್ಕೊಂಡ್ರು. "ಯಾವ ಕಡೆಯವರು ಸಾರ್ ನೀವು?" ಬೆಂಗಳೂರು ಅಂದೆ. "ಅದು ಸರಿ, ಮೂಲ?" ಮಳವಳ್ಳಿ ಕಡೆ ಅಂದೆ. "ಅಲ್ಲ, ಯಾವ ಜನ ಅಂತ." ಹೇಳಿದೆ. ಗಂಟಲು ಕಟ್ಟಲಿಲ್ಲ, ತಲೆ ಬಗ್ಗಿಸಲಿಲ್ಲ, ಊರು ಹೇಳಿದ ಹಾಗೇ ಹೇಳಿದೆ. ಅವರು ರಿಜಿಸ್ಟರನ್ನ ಮೆತ್ತಗೆ ತಮ್ಮ ಕಡೆಗೆ ಎಳ್ಕೊಂಡ್ರು. "ಬೇಜಾರ್ ಮಾಡ್ಕೋಬೇಡಿ ಸಾರ್. ನನ್ನದೇನಿಲ್ಲ. ಟ್ರಸ್ಟಿನವರ ರೂಲು, ನಮ್ಮೋರಿಗೆ ಮಾತ್ರ ಕೊಡೋದು. ಅದೂ ಅಲ್ದೆ ಇವತ್ತು ರೂಮೂ ಖಾಲಿ ಇಲ್ಲ."

ಅವರ ಬೆನ್ನ ಹಿಂದೆ ಮರದ ಹಲಗೆಗೆ ಮೊಳೆ ಹೊಡೆದು ಕೀಲಿಕೈ ತೂಗುಹಾಕಿದ್ರು. ಎಣಿಸಿದೆ. ಒಂಬತ್ತು.

ಜೋರು ಮಾಡೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವ್ವ ಕುರ್ಚಿಯಿಂದ ಎದ್ದು ನನ್ನ ತೋಳು ಹಿಡಿದಳು. "ಹರಕೆ ತೀರ್ಸೋಕೆ ಬಂದಿದ್ದೀವಿ ಕಣಪ್ಪ, ಜಗಳಕ್ಕಲ್ಲ. ನಡಿ." ನಡೆದೆ. ಜಕ್ಕನಹಳ್ಳಿ ಮೇಲೆ ಹೋಗೋ ಬಸ್ಸು ಸಿಕ್ತು. ರಾತ್ರಿ ಮಂಡ್ಯದಲ್ಲಿ ಬಸ್ ಸ್ಟ್ಯಾಂಡ್ ಹತ್ರ ಒಂದು ಲಾಡ್ಜು. ಬೆಡ್‌ಶೀಟು ಗಲೀಜು, ಫ್ಯಾನು ಕಟಕಟ. ಆದ್ರೆ ಕೌಂಟರಲ್ಲಿದ್ದ ಹುಡುಗ ಕೇಳಿದ್ದು ಎರಡೇ: ಆಧಾರ್ ಮತ್ತೆ ಅಡ್ವಾನ್ಸು. ಬೆಳಿಗ್ಗೆ ವಾಪಸ್ ಬೆಟ್ಟಕ್ಕೆ ಬರೋ ಹೊತ್ತಿಗೆ ಬಿಸಿಲು ಬಂದುಬಿಟ್ಟಿತ್ತು. ಅವ್ವ ಕಾದ ಕಲ್ಲುಮೆಟ್ಟಿಲ ಮೇಲೆ ಬರಿಗಾಲಲ್ಲಿ ಹತ್ತಿದಳು.

ಅರ್ಧ ದಾರಿಯಲ್ಲಿ ಕೂತಾಗ ಒಂದು ಮಾತು ಅಂದಳು. "ನೀನು ಹೇಳ್ದೇ ಇದ್ದಿದ್ರೆ ಆಗ್ತಿತ್ತು ಕಣೋ. ಒಂದು ರಾತ್ರಿ ತಾನೇ."

ಆ ಮಾತು ನನ್ನ ತಲೆಯಿಂದ ಇಳೀತಾ ಇಲ್ಲ. ಯಾಕಂದ್ರೆ ಬಾಬಾಸಾಹೇಬರೂ ಒಂದು ಸಲ ಹಾಗೇ ಮಾಡಿದ್ರು. 1917. ಕೊಲಂಬಿಯಾ ಮುಗಿಸಿ, ಲಂಡನ್ ಓದು ಅರ್ಧಕ್ಕೆ ನಿಲ್ಲಿಸಿ, ಸ್ಕಾಲರ್‌ಶಿಪ್ ಕೊಟ್ಟ ಬರೋಡಾ ಮಹಾರಾಜರ ಕೆಲಸಕ್ಕೆ ಸೇರೋಕೆ ಹೋಗಿದ್ದು. ಹಿಂದೂ ಹೋಟೆಲಿನವರು ಸೇರಿಸಲ್ಲ ಅಂತ ಗೊತ್ತಿತ್ತು. ಒಂದು ಪಾರ್ಸಿ ತಂಗುಮನೆಗೆ ಹೋದ್ರು. ಪಾರ್ಸಿಗಳಿಗೆ ಮಾತ್ರ ಅಂದ. ಕೊನೆಗೆ ಬಾಬಾಸಾಹೇಬರೇ ಒಂದು ದಾರಿ ಹೇಳಿದ್ರು: ರಿಜಿಸ್ಟರಲ್ಲಿ ಪಾರ್ಸಿ ಹೆಸರು ಬರೆದುಕೊಳ್ಳೋದು. ದಿನಕ್ಕೆ ಒಂದೂವರೆ ರೂಪಾಯಿಗೆ ನೋಡಿಕೊಳ್ಳುವವನು ಒಪ್ಪಿದ. ಮಹಡಿ ಮೇಲೆ ಮುರುಕು ಸಾಮಾನು ತುಂಬಿದ ಕತ್ತಲೆ ಹಾಲು, ಬಾವಲಿಗಳು, ಒಂದು ಲಾಟೀನು. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಮೆಟ್ಟಿಲು ಹತ್ತಿ ಬಂತು. ಒಂದು ವಾರ ಟೈಮು ಕೊಡಿ ಅಂತ ಕೇಳ್ಕೊಂಡ್ರು, ಕೊಡಲಿಲ್ಲ. ಅವತ್ತು ಇಬ್ಬರು ಸ್ನೇಹಿತರ ಮನೆ ಬಾಗಿಲಿಗೆ ಹೋದ್ರು, ಒಬ್ಬ ಹಿಂದೂ, ಇನ್ನೊಬ್ಬ ಕ್ರಿಶ್ಚಿಯನ್. ಇಬ್ಬರೂ ನೆಪ ಹೇಳಿದ್ರು. ಕಾಮಾಟಿ ಬಾಗ್ ಪಾರ್ಕಲ್ಲಿ ಕೂತಿದ್ದು, ರಾತ್ರಿ ರೈಲು ಹತ್ತಿ ಬೊಂಬಾಯಿಗೆ ವಾಪಸ್. ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಅಷ್ಟು ಓದಿದ ಮನುಷ್ಯನಿಗೂ ಒಂದು ಮಂಚಕ್ಕೆ ಬೆಲೆ ಅಂದ್ರೆ ಸುಳ್ಳು ಹೆಸರು. ಅವ್ವ ಹೇಳ್ತಿರೋದೂ ಅದೇ ಬೆಲೆ. ಅವಳು ಜೀವಮಾನವೆಲ್ಲ ಆ ಬೆಲೆ ಕೊಟ್ಟೇ ಬದುಕಿದ್ದಾಳೆ, ಅವಳನ್ನ ಬೈಯೋ ಯೋಗ್ಯತೆ ನನಗಿಲ್ಲ. ಆದ್ರೆ ಪೆನ್ನು ನನ್ನ ಮಗಳ ಕೈಯಲ್ಲಿತ್ತು. ಅವಳ ಕೈಯಿಂದ ಸುಳ್ಳು ಗೋತ್ರ ಬರೆಸಲಾ?

ಇದು ನಡೆದ ಊರು ಯಾವುದು ಅನ್ನೋದನ್ನೂ ನೋಡಿ. ರಾಮಾನುಜರು ಬಂದು ನೆಲೆಸಿದ ಊರು. ಕಳೆದುಹೋಗಿದ್ದ ಉತ್ಸವಮೂರ್ತಿಯನ್ನ ದಿಲ್ಲಿಯಿಂದ ವಾಪಸ್ ತರೋವಾಗ ದಾರಿಯಲ್ಲಿ ಕಾಪಾಡಿದವರು ಹೊಲೆಯರು, ಅದಕ್ಕೇ ರಾಮಾನುಜರು ಅವರಿಗೆ "ತಿರುಕುಲದವರು" ಅಂತ ಹೆಸರಿಟ್ಟರು ಅನ್ನೋದು ಆ ಊರವರೇ ಹೆಮ್ಮೆಯಿಂದ ಹೇಳೋ ಐತಿಹ್ಯ. ಸಮಾನತೆಯ ಹರಿಕಾರ ಅಂತ ಭಾಷಣದಲ್ಲಿ ಇದನ್ನೇ ಹೇಳೋದು. ಅದಕ್ಕೆ ಸಿಕ್ಕ ಇನಾಮು ಎಷ್ಟು? ವರ್ಷಕ್ಕೆ ಮೂರು ದಿನ ಗುಡಿ ಪ್ರವೇಶ. ಹಳೆ ಮೈಸೂರು ಗ್ಯಾಸೆಟಿಯರಲ್ಲೇ ಇದೆ, ಬೇಲೂರಲ್ಲೂ ಹಾಗೇ ಇತ್ತಂತೆ. ದೇವರನ್ನ ಕಾಪಾಡಿದವರಿಗೆ ಮುನ್ನೂರ ಅರವತ್ತೈದರಲ್ಲಿ ಮೂರು! ಮಿಕ್ಕ ದಿನಗಳಿಗೆ 1948ರ ಮೈಸೂರು ದೇವಾಲಯ ಪ್ರವೇಶ ಕಾಯ್ದೆ ಬರಬೇಕಾಯ್ತು. ನಮ್ಮ ತಾತ ವೈರಮುಡಿಗೆ ಬಂದ್ರೆ ಎತ್ತಿನಗಾಡಿ ಕೆಳಗೆ ಮಲಗ್ತಿದ್ದನಂತೆ. ಈಗ ಗುಡಿಯೊಳಗೆ ಯಾರೂ ತಡೆಯಲ್ಲ, ಅವ್ವ ಗರ್ಭಗುಡಿ ಎದುರು ನಿಂತು ಕೈಮುಗಿದಳು. ಆದ್ರೆ ರಾತ್ರಿ ಮಲಗೋ ಜಾಗದ ವಿಷಯಕ್ಕೆ ಬಂದ್ರೆ ನಾವಿನ್ನೂ ಗಾಡಿ ಕೆಳಗೇ ಇದ್ದೀವಿ.

ವಾಪಸ್ ಬಂದ ಮೇಲೆ ಒಂದು ಕೆಲಸ ಮಾಡಿದೆ. ನಮ್ಮ ಅಂಗಡಿ ಎದುರಿನ ಗೆಳೆಯ, ಮೇಲ್ಜಾತಿ, ಆದ್ರೆ ಆ ಛತ್ರ ಕಟ್ಟಿಸಿದ ಪಂಗಡ ಅಲ್ಲ. ಅವನ ಕೈಲಿ ಅದೇ ನಂಬರಿಗೆ ಫೋನ್ ಮಾಡಿಸಿದೆ. ಸ್ಪೀಕರ್ ಆನ್. ಅದೇ ದನಿ. ಅವನು ಹೆಸರು ಹೇಳಿದ, ಕೇಳಿದ್ದಕ್ಕೆ ಜಾತಿಯನ್ನೂ ಹೇಳಿದ. "ನಮ್ಮೋರಲ್ಲ, ಆದ್ರೂ ಪರವಾಗಿಲ್ಲ ಬನ್ನಿ ಸಾರ್, ಫ್ಯಾಮಿಲಿ ತಾನೇ?" ಮುಂದಿನ ತಿಂಗಳು ಎರಡನೇ ಶನಿವಾರಕ್ಕೆ ರೂಮು ಬುಕ್ ಆಯ್ತು. ಅಲ್ಲಿಗೆ "ನಮ್ಮೋರಿಗೆ ಮಾತ್ರ" ಅನ್ನೋ ರೂಲಿನ ನಿಜವಾದ ಅರ್ಥ "ನಿಮ್ಮನ್ನ ಬಿಟ್ಟು" ಅಂತ. ಗೆಳೆಯ ಫೋನ್ ಇಟ್ಟು ಸ್ವಲ್ಪ ಹೊತ್ತು ನನ್ನ ಮುಖ ನೋಡಲಿಲ್ಲ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂತ ನಮ್ಮ ವಕೀಲ ಬಂಧು ಬಿಡಿಸಿ ಹೇಳಿದ್ರು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆಗೆ 1976ರಲ್ಲಿ ತಿದ್ದುಪಡಿ ಆಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಯ್ತು. ಅದರ 4ನೇ ಸೆಕ್ಷನ್ನಲ್ಲಿ ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆ ಅಂತ ಹೆಸರು ಹಿಡಿದೇ ಹೇಳಿದೆ. ಸಾರ್ವಜನಿಕರಿಗೆ ಅಷ್ಟೇ ಅಲ್ಲ, "ಅವರಲ್ಲಿ ಯಾವುದೇ ಒಂದು ವರ್ಗಕ್ಕೆ" ತೆರೆದಿದ್ರೂ ಅಸ್ಪೃಶ್ಯತೆಯ ಕಾರಣಕ್ಕೆ ತಡೆಯೋ ಹಾಗಿಲ್ಲ. ಒಂದು ತಿಂಗಳಿಂದ ಆರು ತಿಂಗಳು ಜೈಲು, ಜೊತೆಗೆ ದಂಡ. 12ನೇ ಸೆಕ್ಷನ್ ಇನ್ನೂ ಚೆನ್ನಾಗಿದೆ: ಪರಿಶಿಷ್ಟ ಜಾತಿಯವರಿಗೆ ಹೀಗಾದ್ರೆ, ಅಸ್ಪೃಶ್ಯತೆಯ ಕಾರಣಕ್ಕೇ ಆಯ್ತು ಅಂತ ಕೋರ್ಟು ಊಹಿಸಬೇಕು, ಅಲ್ಲ ಅನ್ನೋದಾದ್ರೆ ಅವರೇ ಸಾಬೀತು ಮಾಡಬೇಕು. "ನಾವು ನಮ್ಮ ಪಂಗಡ ಬಿಟ್ಟು ಯಾರಿಗೂ ಕೊಡಲ್ಲ ಸ್ವಾಮಿ" ಅಂತ ಅವರು ವಾದ ಮಾಡಬಹುದಿತ್ತು. ಆ ಫೋನ್ ಕಾಲ್ ಆ ವಾದವನ್ನ ಮುಗಿಸಿತು.

ಕೆಲವರು ಈಗಲೇ ಕಾಮೆಂಟಿಗೆ ಕೈ ಎತ್ತಿರ್ತೀರಿ. "ನಿಮಗೂ ಹಾಸ್ಟೆಲ್ ಇದೆಯಲ್ಲ, ಅದೂ ಜಾತಿದೇ ಅಲ್ವಾ?" ಹೌದು ಸ್ವಾಮಿ, ಇದೆ. ಸಮಿತಿ ಕೆಲಸಕ್ಕೆ ಊರೂರು ತಿರುಗಿದ ನಮ್ಮ ಹಿರಿಯರು ಮಲಗಿದ್ದೇ ಹಾಸ್ಟೆಲ್ ಹುಡುಗರ ಪಕ್ಕ ಚಾಪೆ ಹಾಸ್ಕೊಂಡು. ಬೇರೆ ಬಾಗಿಲು ತೆರೆದಿದ್ರೆ ಆ ಚಾಪೆ ಬೇಕಾಗ್ತಿರಲಿಲ್ಲ. ನಮ್ಮ ಹಾಸ್ಟೆಲಲ್ಲಿ ಜಾಗ ಸಿಗದೆ ಯಾವ ಮೇಲ್ಜಾತಿ ಅಜ್ಜಿಯೂ ರಾತ್ರಿ ಬಸ್ ಹತ್ತಿ ಮಂಡ್ಯಕ್ಕೆ ಹೋಗಿಲ್ಲ. ಜಾತಿಗೊಂದು ಛತ್ರ ಯಾಕೆ ಹುಟ್ಟಿತು ಅಂತ ನನಗೂ ಅರ್ಥ ಆಗುತ್ತೆ. ಹೋಟೆಲ್ ಇಲ್ಲದ ಕಾಲ, ಮಡಿ, ಬೇರೆ ಬೇರೆ ಅಡಿಗೆ. ಪುಣ್ಯಾತ್ಮರು ತಮ್ಮ ಜನಕ್ಕೆ ಅಂತ ಕಟ್ಟಿಸಿದ್ರು. ಆದ್ರೆ ಈಗ ರೂಮಿಗೆ ಐನೂರು ತಗೊಂಡು, ಗೂಗಲ್ ಮ್ಯಾಪಲ್ಲಿ ಸ್ಟಾರ್ ಬೇಡುವ ಜಾಗಕ್ಕೆ ಆ ಮಾತು ಒಪ್ಪಲ್ಲ. ಬಸವನಗುಡಿ, ಮಲ್ಲೇಶ್ವರದಲ್ಲಿ ಮನೆ ಬಾಡಿಗೆಗೆ ಅಲೆದವರಿಗೆ ಇದು ಹೊಸದೂ ಅಲ್ಲ. ಇಲ್ಲಿ "ವೆಜ್ಜಾ, ನಾನ್‌ವೆಜ್ಜಾ?" ಅಂತ ಕೇಳ್ತಾರೆ, ಅಲ್ಲಿ ಗೋತ್ರ ಕೇಳ್ತಾರೆ. ಉತ್ತರ ಬೇಕಾಗಿರೋದು ಒಂದೇ ಪ್ರಶ್ನೆಗೆ.

ಸರ್ಕಾರಕ್ಕೆ ನನ್ನ ಮಾತು ಇಷ್ಟೇ. ಶಕ್ತಿ ಯೋಜನೆಯಿಂದ ನಮ್ಮ ಕೇರಿಯ ಹೆಂಗಸರು ಮೊದಲನೇ ಸಲ ದೂರದ ಗುಡಿ, ಬೆಟ್ಟ ನೋಡ್ತಾ ಇದ್ದಾರೆ. ಬಸ್ಸು ಕೊಟ್ಟಿದ್ದೀರಿ, ಸಂತೋಷ. ಇಳಿದ ಮೇಲೆ ಅವರು ಎಲ್ಲಿ ಮಲಗ್ತಾರೆ? ಯಾಕೆ ನಮ್ಮವರೆಲ್ಲ ಬೆಳಿಗ್ಗೆ ಹೋಗಿ ಸಂಜೆಗೇ ವಾಪಸ್ ಬರ್ತಾರೆ ಅಂತ ಯಾರಾದರೂ ಕೇಳಿದ್ದೀರಾ? ಮಂಡ್ಯ ಜಿಲ್ಲಾಡಳಿತ ಮೇಲುಕೋಟೆಯ ಛತ್ರಗಳದ್ದು ಒಂದು ಪಟ್ಟಿ ಮಾಡಲಿ. ಯಾವುದು ಮುಜರಾಯಿ, ಯಾವುದು ಟ್ರಸ್ಟು, ಯಾವುದಕ್ಕೆ ಸರ್ಕಾರದ ಜಮೀನು ಅಥವಾ ಅನುದಾನ ಸಿಕ್ಕಿದೆ. ಪ್ರತಿ ಕೌಂಟರ್ ಎದುರು 4ನೇ ಸೆಕ್ಷನ್ ಕನ್ನಡದಲ್ಲಿ ಬರೆದು ಹಾಕಲಿ. ರಿಜಿಸ್ಟರಿಂದ ಆ ಒಂದು ಕಾಲಂ ಕಿತ್ತು ಹಾಕಲಿ. ಆರ್‌ಟಿಐ ಅರ್ಜಿ ಮೊನ್ನೆ ಪೋಸ್ಟ್ ಮಾಡಿದ್ದೀನಿ.

ಕಾಲಂ ವಿಷಯ ಬಂದಿದ್ದಕ್ಕೆ ಒಂದು ಹೇಳಬೇಕು. ಆ ರಿಜಿಸ್ಟರ್ ನೋಡಿದ ತಕ್ಷಣ ನನ್ನ ಕಣ್ಣು ಹೋಗಿದ್ದು ಬೈಂಡಿಂಗ್ ಮೇಲೆ. ಕೆಂಪು ಕ್ಯಾಲಿಕೋ ಬೆನ್ನು, ಮಾರ್ಬಲ್ ಪೇಪರ್ ಅಟ್ಟೆ, ಕೈಹೊಲಿಗೆ. ನಮ್ಮ ಪೇಟೆ ಕೆಲಸದ ಥರಾನೇ ಇತ್ತು. ಇಪ್ಪತ್ತಾರು ವರ್ಷದಲ್ಲಿ ಛತ್ರ, ಮಠ, ಕಲ್ಯಾಣಮಂಟಪ ಅಂತ ಇಂಥವು ಎಷ್ಟು ಹೊಲಿದಿದ್ದೀನೋ ಲೆಕ್ಕ ಇಲ್ಲ. ಒಳಗೆ ಏನು ರೂಲ್ ಹಾಕಿದ್ದಾರೆ ಅಂತ ಒಂದು ದಿನವೂ ಓದಿರಲಿಲ್ಲ.

ಗೆಳೆಯನ ಬುಕಿಂಗ್ ಹಾಗೇ ಇದೆ. ಎರಡನೇ ಶನಿವಾರ ಅವನ ಮನೆಯವರೂ ನಮ್ಮ ಮನೆಯವರೂ ಒಟ್ಟಿಗೆ ಹೋಗ್ತೀವಿ. ಅಲ್ಲಿ ಹೆಸರು ನನ್ನದೇ ಬರೆಸ್ತೀನಿ, ಕೇಳಿದ್ರೆ ಜಾತಿಯನ್ನೂ ಹೇಳ್ತೀನಿ. ವಕೀಲ ಬಂಧು ಜೊತೆಗೆ ಬರ್ತಿದ್ದಾರೆ. ಕೊಡಲ್ಲ ಅಂದ್ರೆ ಅಲ್ಲಿಂದ ನೇರ ಪೊಲೀಸ್ ಸ್ಟೇಷನ್ನು, ಈ ಸಲ ಬಸ್ ಸ್ಟ್ಯಾಂಡ್ ಅಲ್ಲ. ಅವ್ವನಿಗೆ ಎಲ್ಲ ಹೇಳಿದ್ದೀನಿ. ಮೊದಲು ಬೇಡ ಅಂದಳು, ಆಮೇಲೆ ಎರಡು ದಿನ ಮಾತಾಡಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ "ಆ ಅಯ್ಯ ಕುರ್ಚಿ ಹಾಕಿದ್ನಲ್ಲ, ಅವನಿಗೆ ಬೈಬೇಡ" ಅಂದಳು. ಸರಿ ಅಂದಿದ್ದೀನಿ.

ಹೋಗ್ತಾ ಒಂದು ರಿಜಿಸ್ಟರ್ ತಗೊಂಡು ಹೋಗ್ತೀನಿ. ಇನ್ನೂರು ಹಾಳೆ, ನಾನೇ ಹೊಲಿದಿದ್ದು, ಮಗಳು ಸ್ಕೇಲ್ ಇಟ್ಟು ರೂಲ್ ಹಾಕಿದ್ದಾಳೆ. ಕಾಲಂ ನಾಲ್ಕೇ: ಹೆಸರು, ಊರು, ಫೋನು, ಎಷ್ಟು ಜನ. ಅವರಿಗೆ ಬಿಟ್ಟಿ ಕೊಟ್ಟು ಬರ್ತೀನಿ.

ಜೊತೆಗೆ ಬರೋರು ಇನ್‌ಬಾಕ್ಸ್ ಮಾಡಿ. ಬೆಳಿಗ್ಗೆ ಆರೂವರೆಗೆ ಸ್ಯಾಟಲೈಟ್ ಬಸ್ ಸ್ಟ್ಯಾಂಡು. ಹೆಂಗಸರಿಗೆ ಟಿಕೆಟ್ ಫ್ರೀ.

ಜೈಭೀಮ್.